ಅವ್ವನ ಫೋನ್ ರಾತ್ರಿಯೆಲ್ಲಾ ಇಟ್ಟರೂ ತುಂಬುತ್ತಿರಲಿಲ್ಲ: ವೈರ್‌ಲೆಸ್ ರಿಸೀವರಿನ ವ್ಯಾಟ್, ಆಂಪ್ ಮಿತಿ ಮತ್ತು ದೋಷ ಹುಡುಕುವ ದಾರಿ

ಅವ್ವನ ಬೆರಳಿನ ಗಂಟುಗಳು ಊದಿಕೊಂಡು ಮೂರು ವರ್ಷವಾಯಿತು. ಚಾರ್ಜರಿನ ಸಣ್ಣ ಪಿನ್ ಹಿಡಿದು ಫೋನಿಗೆ ಸಿಕ್ಕಿಸುವುದು ಅವಳಿಗೆ ನೋವಿನ ಕೆಲಸ. ಅದಕ್ಕೇ ಫೋನಿನ ಬೆನ್ನಿಗೆ ತೆಳು ವೈರ್‌ಲೆಸ್ ರಿಸೀವರ್ ಒಂದನ್ನು ಅಂಟಿಸಿ, ಅದರ ಬಾಲವನ್ನು ಚಾರ್ಜಿಂಗ್ ಪೋರ್ಟಿಗೆ ಸಿಕ್ಕಿಸಿದೆ. ಮಂಚದ ಪಕ್ಕದ ಸ್ಟೂಲಿನ ಮೇಲೆ, ತಂತಿ ಇಲ್ಲದೆ ಆ ರಿಸೀವರಿಗೆ ಶಕ್ತಿ ಕೊಡುವ ಚಾರ್ಜಿಂಗ್ ಪ್ಯಾಡ್ ಇಟ್ಟೆ. ಇನ್ನು ಮೇಲೆ ಫೋನನ್ನು ಸುಮ್ನೆ ಅದರ ಮೇಲೆ ಇಟ್ಟರಾಯಿತು ಎಂದು ಹೇಳಿ ಬೆಂಗಳೂರಿಗೆ ವಾಪಸ್ ಬಂದೆ.

ವಾರ ಕಳೆಯುವಷ್ಟರಲ್ಲಿ ರಾಯಚೂರಿನಿಂದ ಕರೆ ಬಂತು. "ರಾತ್ರಿಯೆಲ್ಲಾ ಇಟ್ಟೀನಿ, ಆದ್ರೂ ತುಂಬವಲ್ದಪ್ಪ."

ರಾತ್ರಿ 11ಕ್ಕೆ ಶೇ 15 ಇದ್ದ ಬ್ಯಾಟರಿ, ಬೆಳಿಗ್ಗೆ 5ಕ್ಕೆ ಅವಳು ಏಳುವಾಗ ಶೇ 65 ದಾಟುತ್ತಿರಲಿಲ್ಲ. ಬ್ಯಾಟರಿ 5000 ಮಿಲಿ ಆಂಪ್ ಅವರ್‌ನದು. ರಿಸೀವರಿನ ಮೇಲೆ 5 ವೋಲ್ಟ್, 1 ಆಂಪ್ ಎಂದು ಅಚ್ಚಾಗಿದೆ. ಅಂದರೆ 5 ವ್ಯಾಟ್. ಆ ಲೆಕ್ಕದಲ್ಲಿ ಐದು ಗಂಟೆಯೊಳಗೆ ಪೂರ್ತಿ ತುಂಬಬೇಕಿತ್ತು. ಆರು ಗಂಟೆಯಲ್ಲಿ ಅರ್ಧವಷ್ಟೇ ತುಂಬಿದರೆ ಎಲ್ಲೋ ಏನೋ ತಡೆಯುತ್ತಿದೆ ಅಂತಲೇ ಅರ್ಥ.

ಆ ತಡೆ ಎಲ್ಲಿತ್ತು ಎಂದು ಹುಡುಕಲು ನನಗೆ ಒಂದು ಭಾನುವಾರ ಪೂರ್ತಿ ಬೇಕಾಯಿತು. ಇದೇ ತೊಂದರೆ ಇರುವವರಿಗೆ ಅಷ್ಟು ಹೊತ್ತು ಹಿಡಿಯಬಾರದು ಎಂದು ಇದನ್ನು ಬರೆಯುತ್ತಿದ್ದೇನೆ.

ಲೇಬಲ್ ಏನು ಹೇಳುತ್ತದೆ

ರಿಸೀವರಿನ ಮೇಲೆ ಬರೆದ 1 ಆಂಪ್ ಅಂದರೆ "ಇದು ಯಾವಾಗಲೂ 1 ಆಂಪ್ ಕೊಡುತ್ತದೆ" ಎಂದಲ್ಲ. "ಇದಕ್ಕಿಂತ ಜಾಸ್ತಿ ಕೇಳಬೇಡಿ" ಎಂದು. ಬಾವಿಯಲ್ಲಿ ನೀರು ಎಷ್ಟಿದ್ದರೂ ಮನೆಗೆ ಬರುವುದು ಸೇದಿದಷ್ಟೇ ಅಲ್ವಾ? ಹಾಗೆಯೇ ಇಲ್ಲಿ ಸೇದುವುದು ಫೋನು. ಅದು 400 ಮಿಲಿ ಆಂಪ್ ಕೇಳಿದರೆ ರಿಸೀವರ್ 400 ಕೊಟ್ಟು ಸುಮ್ಮನಾಗುತ್ತದೆ.

ಅಗ್ಗದ ರಿಸೀವರ್‌ಗಳಲ್ಲಿ ಇನ್ನೊಂದು ಗೊಂದಲ ಇದೆ. ಕೆಲವದರ ಮೇಲೆ "1000 ಮಿಲಿ ಆಂಪ್ ಅವರ್" ಎಂದು ಅಚ್ಚಾಗಿರುತ್ತದೆ. ಅದು ತಪ್ಪು. ಮಿಲಿ ಆಂಪ್ ಅವರ್ ಎನ್ನುವುದು ಬ್ಯಾಟರಿಯಲ್ಲಿ ಎಷ್ಟು ತುಂಬಿದೆ ಎನ್ನುವ ಅಳತೆ. ರಿಸೀವರಿನಲ್ಲಿ ತುಂಬಿಡುವಂಥದ್ದು ಏನೂ ಇಲ್ಲ. ಅಲ್ಲಿ ಬೇಕಿರುವುದು ಹರಿವಿನ ಅಳತೆ, ಅಂದರೆ ಬರೀ ಮಿಲಿ ಆಂಪ್. ಹಾಗೆ ಬರೆದಿದ್ದರೆ 1 ಆಂಪ್ ಎಂದು ಓದಿಕೊಳ್ಳಿ. ಅಳೆದು ನೋಡದೆ ಮಾತ್ರ ನಂಬಬೇಡಿ.

ವ್ಯಾಟ್ ಲೆಕ್ಕ ಸುಲಭ. ವೋಲ್ಟನ್ನು ಆಂಪ್‌ನಿಂದ ಗುಣಿಸಿದರೆ ವ್ಯಾಟ್. ಆದರೆ ಯಾವ ಜಾಗದ ವ್ಯಾಟ್ ಎಂದು ಕೇಳಿಕೊಳ್ಳಬೇಕು. ಪ್ಯಾಡಿನ ಡಬ್ಬದ ಮೇಲಿನ 15 ವ್ಯಾಟ್ ಬೇರೆ, ರಿಸೀವರ್ ಹೊರಗೆ ಕೊಡುವ 5 ವ್ಯಾಟ್ ಬೇರೆ, ಬ್ಯಾಟರಿಯೊಳಗೆ ನಿಜವಾಗಿ ಇಳಿಯುವ ವ್ಯಾಟ್ ಇನ್ನೂ ಬೇರೆ. ಒಂದೊಂದು ಮೆಟ್ಟಿಲು ದಾಟುವಾಗಲೂ ಸ್ವಲ್ಪ ಬಿಸಿಯಾಗಿ ಹೋಗುತ್ತದೆ. ಅಡಾಪ್ಟರಿನಿಂದ ಪ್ಯಾಡಿಗೆ 5 ವ್ಯಾಟ್ ಹೋದರೆ ರಿಸೀವರಿನಿಂದ 5 ವ್ಯಾಟ್ ಬರುವುದು ಸಾಧ್ಯವೇ ಇಲ್ಲ. ನೂರರಲ್ಲಿ ಎಪ್ಪತ್ತು ಎಪ್ಪತ್ತೈದು ಪಾಲು ದಾಟಿ ಬಂದರೆ ಒಳ್ಳೆಯದೇ.

ಮಾರುಕಟ್ಟೆಯಲ್ಲಿ ಸಿಗುವ ಬಹುತೇಕ ಪ್ಯಾಡ್‌ಗಳು 'ಚಿ' (Qi) ಎನ್ನುವ ನಿಯಮದವು. ಇದನ್ನು ನೋಡಿಕೊಳ್ಳುವುದು 2008ರಲ್ಲಿ ಶುರುವಾದ ವೈರ್‌ಲೆಸ್ ಪವರ್ ಕನ್ಸಾರ್ಷಿಯಂ ಎಂಬ ಒಕ್ಕೂಟ. ಇದರಲ್ಲಿ ಮೂಲ ಮಟ್ಟ 5 ವ್ಯಾಟ್‌ವರೆಗೆ, ವಿಸ್ತರಿಸಿದ ಮಟ್ಟ 15 ವ್ಯಾಟ್‌ವರೆಗೆ. 2023ರಲ್ಲಿ ಬಂದ ಚಿ2ದಲ್ಲಿ ಅಯಸ್ಕಾಂತದ ಉಂಗುರವೂ ಸೇರಿತು. ಎಲ್ಲದರಲ್ಲೂ ನೆನಪಿಡಬೇಕಾದ್ದು ಒಂದೇ: ಪ್ಯಾಡ್ ಮತ್ತು ರಿಸೀವರ್ ಎರಡರಲ್ಲಿ ಯಾವುದು ಕೆಳಗಿನದೋ ಆ ಮಟ್ಟಕ್ಕೇ ಚಾರ್ಜ್ ನಿಲ್ಲುತ್ತದೆ. 5 ವ್ಯಾಟ್‌ನ ರಿಸೀವರನ್ನು 15 ವ್ಯಾಟ್‌ನ ಪ್ಯಾಡ್ ಮೇಲೆ ಇಟ್ಟರೆ ಸಿಗುವುದು 5 ವ್ಯಾಟ್. ಇದರಿಂದ ರಿಸೀವರ್ ಸುಡುವುದಿಲ್ಲ, ಬೇಗ ತುಂಬುವುದೂ ಇಲ್ಲ. ಹಳೆಯ ಐಫೋನ್ 8, ಐಫೋನ್ ಎಕ್ಸ್‌ನಂಥವು ಎಷ್ಟು ದೊಡ್ಡ ಚಿ ಪ್ಯಾಡ್ ಕೊಟ್ಟರೂ 7.5 ವ್ಯಾಟ್ ದಾಟುವುದಿಲ್ಲ. ಅದು ದೋಷವಲ್ಲ, ಅದರ ಮಿತಿ.

ಪ್ಯಾಡ್ ಮತ್ತು ರಿಸೀವರ್ ಮಾತಾಡಿಕೊಳ್ಳುತ್ತವೆ

ಇದು ಗೊತ್ತಿದ್ದರೆ ಅರ್ಧ ದೋಷ ತಾನಾಗಿ ಅರ್ಥವಾಗುತ್ತದೆ. ಪ್ಯಾಡ್ ಸುಮ್ಮನೆ ಶಕ್ತಿ ಚೆಲ್ಲುತ್ತಾ ಕೂರುವುದಿಲ್ಲ. ರಿಸೀವರ್ ತನ್ನ ಕಾಯಿಲ್ (ತಂತಿಯ ಸುರುಳಿ) ಎಳೆಯುವ ಲೋಡನ್ನು ಚಿಟಿಕೆ ಹೊಡೆದಂತೆ ಏರಿಸಿ ಇಳಿಸಿ ಪ್ಯಾಡಿಗೆ ಸುದ್ದಿ ಕಳಿಸುತ್ತದೆ. "ನಾನು ಇಲ್ಲಿದ್ದೇನೆ", "ಇನ್ನಷ್ಟು ಕೊಡು", "ಸಾಕು, ಸ್ವಲ್ಪ ಕಡಿಮೆ ಮಾಡು", "ನನಗೆ ಇಷ್ಟು ತಲುಪಿತು", "ನಿಲ್ಲಿಸು". ಈ ಸುದ್ದಿ ಸೆಕೆಂಡಿಗೆ ಹಲವು ಸಲ ಹೋಗುತ್ತಲೇ ಇರುತ್ತದೆ. ಒಂದೆರಡು ಸೆಕೆಂಡು ಸುದ್ದಿ ಬರಲಿಲ್ಲ ಎಂದರೆ ಪ್ಯಾಡ್ ಶಕ್ತಿ ನಿಲ್ಲಿಸಿ ಮೊದಲಿನಿಂದ ಶುರು ಮಾಡುತ್ತದೆ.

5 ವ್ಯಾಟ್‌ನ ಸಾಧಾರಣ ಪ್ಯಾಡ್‌ಗಳಲ್ಲಿ ಬಹಳಷ್ಟು 110ರಿಂದ 205 ಕಿಲೋಹರ್ಟ್ಸ್ ನಡುವೆ ಕೆಲಸ ಮಾಡುತ್ತವೆ. ರಿಸೀವರ್ ಜಾಸ್ತಿ ಕೇಳಿದರೆ ಫ್ರೀಕ್ವೆನ್ಸಿಯನ್ನು ಕೆಳಗೆ ಇಳಿಸುತ್ತವೆ. ಕೆಳಗಿನ ಅಂಚು ಮುಟ್ಟಿದ ಮೇಲೆ ಕೊಡಲು ಏನೂ ಉಳಿದಿರುವುದಿಲ್ಲ. ಆಮೇಲೂ ಫೋನ್ ಎಳೆಯುತ್ತಲೇ ಇದ್ದರೆ ರಿಸೀವರಿನ ಒಳಗಿನ ವೋಲ್ಟೇಜ್ ಕುಸಿಯುತ್ತದೆ. ಅದರ ಚಿಪ್‌ಗೇ ಬದುಕಲು ವೋಲ್ಟೇಜ್ ಸಾಲದೆ ಹೋಗುತ್ತದೆ. ಚಿಪ್ ಮಲಗಿದರೆ ಸುದ್ದಿ ನಿಲ್ಲುತ್ತದೆ, ಪ್ಯಾಡ್ ಆಫ್ ಆಗುತ್ತದೆ, ಮತ್ತೆ ಶುರುವಾಗುತ್ತದೆ. ಫೋನು ಟಿಂಗ್ ಎನ್ನುತ್ತದೆ, ಎರಡು ಸೆಕೆಂಡಿಗೆ ಚಾರ್ಜ್ ಗುರುತು ಮಾಯ, ಮತ್ತೆ ಟಿಂಗ್. ರಾತ್ರಿ ಹೀಗೆ ಟಿಂಗ್ ಟಿಂಗ್ ಕೇಳಿಸಿದರೆ ನೂರಕ್ಕೆ ತೊಂಬತ್ತು ಪಾಲು ಇದೇ ಕಥೆ: ಕೊಡಲು ಆಗುವುದಕ್ಕಿಂತ ಜಾಸ್ತಿ ಎಳೆಯಲಾಗುತ್ತಿದೆ.

ಬೇಕಾದ ಸಾಮಾನು

ಯುಎಸ್‌ಬಿ ಮೀಟರ್ ಎರಡು. ಒಂದು ಅಡಾಪ್ಟರ್ ಮತ್ತು ಪ್ಯಾಡ್ ನಡುವೆ, ಇನ್ನೊಂದು ರಿಸೀವರಿನ ಬಾಲ ಮತ್ತು ಫೋನ್ ನಡುವೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅಂಗಡಿಗೊಂದರಂತೆ ಸಿಗುತ್ತವೆ. ಒಂದೇ ಇದ್ದರೂ ಜಾಗ ಬದಲಿಸುತ್ತಾ ನಡೆಸಬಹುದು. ಒಂದು ಮಲ್ಟಿಮೀಟರ್. ಫೋನಿನ ಬದಲು ಬೇಕಾದಷ್ಟು ಕರೆಂಟ್ ಎಳೆದು ನೋಡಲು, ಗುಂಡಿ ತಿರುಗಿಸುವ ಯುಎಸ್‌ಬಿ ಲೋಡ್ ಸಿಕ್ಕರೆ ಬಹಳ ಒಳ್ಳೆಯದು. ಇಲ್ಲವಾದರೆ 10 ಓಮ್, 10 ವ್ಯಾಟ್‌ನ ಬಿಳಿ ಸಿಮೆಂಟ್ ರೆಸಿಸ್ಟರ್ ಎರಡು ಸಾಕು. 5 ವೋಲ್ಟಿಗೆ ಒಂದು ಹಾಕಿದರೆ ಅರ್ಧ ಆಂಪ್, ಎರಡನ್ನೂ ಪಕ್ಕಪಕ್ಕ ಸೇರಿಸಿದರೆ 1 ಆಂಪ್. ಕೈ ಸುಡುವಷ್ಟು ಕಾಯುತ್ತವೆ, ಹೆಂಚಿನ ಚೂರಿನ ಮೇಲೋ ಟೈಲ್ಸ್ ಮೇಲೋ ಇಡಿ.

ಫೋನಿನಲ್ಲಿ ಮಿಲಿ ಆಂಪ್ ತೋರಿಸುವ ಆ್ಯಪ್‌ಗಳ ಮೇಲೆ ಮಾತ್ರ ನಿಂತು ತೀರ್ಮಾನ ಮಾಡಬೇಡಿ. ಅವು ತೋರಿಸುವುದು ಬ್ಯಾಟರಿಯೊಳಗೆ ಹೋಗುವ ಕರೆಂಟನ್ನು, ರಿಸೀವರಿನಿಂದ ಬರುವುದನ್ನಲ್ಲ. ಪರದೆ ಉರಿಯುತ್ತಿದ್ದರೆ ಅದರ ಖರ್ಚು ಕಳೆದು ಉಳಿದದ್ದನ್ನು ತೋರಿಸುತ್ತವೆ. ಜೊತೆಗೆ ಬ್ಯಾಟರಿ ಇರುವುದು 4 ವೋಲ್ಟಿನ ಆಸುಪಾಸಿನಲ್ಲಿ, ರಿಸೀವರ್ ಇರುವುದು 5 ವೋಲ್ಟಿನಲ್ಲಿ. ಎರಡೂ ಕಡೆಯ ಆಂಪ್ ಒಂದೇ ಆಗಿರಬೇಕಿಲ್ಲ.

ಗೋಡೆಯಿಂದ ಶುರು ಮಾಡಿ, ಫೋನಿನಿಂದಲ್ಲ

ನಾನು ಮೊದಲು ಮಾಡಿದ ತಪ್ಪು ಇದು. ರಾಯಚೂರಿಗೆ ಹೋದ ತಕ್ಷಣ ರಿಸೀವರ್ ಕಿತ್ತು ನೋಡತೊಡಗಿದೆ. ನೀವು ಅಡಾಪ್ಟರಿನಿಂದ ಶುರು ಮಾಡಿ.

ಅವ್ವನ ಪ್ಯಾಡಿಗೆ ಸಿಕ್ಕಿಸಿದ್ದು ಡ್ರಾಯರಿನಲ್ಲಿ ಬಿದ್ದಿದ್ದ ಹಳೆಯ 5 ವೋಲ್ಟ್, 1 ಆಂಪ್ ಅಡಾಪ್ಟರ್. ಕೇಬಲ್ ಎರಡು ಮೀಟರ್ ಉದ್ದದ ತೆಳ್ಳನೆಯದು. ರಿಸೀವರಿಗೆ ಫೋನ್ ಬದಲು ಲೋಡ್ ಹಾಕಿ ಮೆಲ್ಲಗೆ ಏರಿಸಿದೆ. 0.7 ಆಂಪ್ ಬರುವಷ್ಟರಲ್ಲಿ ಪ್ಯಾಡಿನ ಬಾಯಲ್ಲಿ ವೋಲ್ಟೇಜ್ 4.6ಕ್ಕೆ ಇಳಿದಿತ್ತು, ಅಡಾಪ್ಟರ್ ತನ್ನ 1 ಆಂಪ್ ಪೂರ್ತಿ ಕೊಡುತ್ತಿತ್ತು. 0.8 ಮಾಡಿದ್ದೇ ತಡ, ಪ್ಯಾಡಿನ ದೀಪ ಮಿಣುಕಿ ಎಲ್ಲಾ ಆಫ್. ಅಂದರೆ ಈ ಅಡಾಪ್ಟರ್ ಇರುವವರೆಗೆ ರಿಸೀವರ್ ತನ್ನ 1 ಆಂಪ್ ಮುಟ್ಟಲಾರದು.

ನಾನು ತಂದಿದ್ದ ದೊಡ್ಡ ಅಡಾಪ್ಟರ್ ಮತ್ತು ಅರ್ಧ ಮೀಟರಿನ ದಪ್ಪ ಕೇಬಲ್ ಹಾಕಿದೆ. ಈಗ ರಿಸೀವರ್ 4.9 ವೋಲ್ಟಿನಲ್ಲಿ 0.95 ಆಂಪ್ ಕೊಟ್ಟಿತು. ಸುಮಾರು 4.7 ವ್ಯಾಟ್. ಅದಕ್ಕೆ ಪ್ಯಾಡ್ ತೆಗೆದುಕೊಂಡದ್ದು 5 ವೋಲ್ಟಿನಲ್ಲಿ 1.28 ಆಂಪ್, ಅಂದರೆ 6.4 ವ್ಯಾಟ್. 1.05ಕ್ಕೆ ಏರಿಸಿದಾಗ ವೋಲ್ಟೇಜ್ ಸರ್ರನೆ ಕುಸಿಯಿತು. ಲೇಬಲ್ ಸುಳ್ಳು ಹೇಳಿರಲಿಲ್ಲ. ರಿಸೀವರ್ ಗಟ್ಟಿಯಾಗಿದೆ, ಪ್ಯಾಡ್ ಗಟ್ಟಿಯಾಗಿದೆ.

ಲೋಡ್ ಹಾಕುವಾಗ ಒಂದು ಎಚ್ಚರ. ಮೊದಲು ರಿಸೀವರನ್ನು ಪ್ಯಾಡ್ ಮೇಲೆ ಇಟ್ಟು ದೀಪ ಹತ್ತಿ ನಿಲ್ಲಲಿ. ಆಮೇಲೆ ಲೋಡ್ ಏರಿಸಿ. ಪೂರ್ತಿ ಲೋಡ್ ಹಾಕಿಟ್ಟೇ ಪ್ಯಾಡ್ ಮೇಲೆ ಇಟ್ಟರೆ ಒಳ್ಳೆಯ ರಿಸೀವರ್ ಕೂಡ ಶುರುವಾಗಲು ಒದ್ದಾಡಬಹುದು. ಅದನ್ನು ಕೆಟ್ಟಿದೆ ಎಂದು ತಿಳಿಯಬೇಡಿ.

ಇನ್ನೊಂದು ಮಾತು 10 ಮತ್ತು 15 ವ್ಯಾಟ್‌ನ ಪ್ಯಾಡ್ ಇರುವವರಿಗೆ. ಇವುಗಳಲ್ಲಿ ಬಹುಪಾಲಿಗೆ 9 ವೋಲ್ಟ್ ಬೇಕು. ಕ್ವಿಕ್ ಚಾರ್ಜ್ ಅಥವಾ ಪವರ್ ಡೆಲಿವರಿ ಎಂಬ ವೇಗದ ಚಾರ್ಜಿಂಗ್ ನಿಯಮ ತಿಳಿದ ಅಡಾಪ್ಟರ್ ಕೊಡದೆ ಬರೀ 5 ವೋಲ್ಟಿನದು ಕೊಟ್ಟರೆ ಪ್ಯಾಡ್ 5 ವ್ಯಾಟ್‌ಗೇ ನಿಂತುಬಿಡುತ್ತದೆ. ಮೀಟರಿನಲ್ಲಿ 9 ವೋಲ್ಟ್ ಕಾಣದಿದ್ದರೆ ರಿಸೀವರನ್ನು ಬೈದು ಪ್ರಯೋಜನವಿಲ್ಲ.

ಅಡಾಪ್ಟರ್ ಬದಲಾಯಿತು, ಚಾರ್ಜ್ ಬದಲಾಗಲಿಲ್ಲ

ಫೋನ್ ವಾಪಸ್ ಸಿಕ್ಕಿಸಿದೆ. ಮೀಟರಿನಲ್ಲಿ 0.42 ಆಂಪ್. ಹತ್ತು ನಿಮಿಷ ನೋಡಿದೆ. 0.42ರ ಮೇಲೆ ಏಳಲಿಲ್ಲ. ವೋಲ್ಟೇಜ್ ಮಾತ್ರ 5ರ ಹತ್ತಿರ ಆರಾಮಾಗಿ ನಿಂತಿತ್ತು.

ಇಲ್ಲಿ ಒಂದು ಗುರುತು ಹೇಳುತ್ತೇನೆ, ಇಡೀ ಬರಹದಲ್ಲಿ ನನಗೆ ಮುಖ್ಯ ಅನಿಸಿದ್ದು ಇದೇ. ಕರೆಂಟ್ ಕಡಿಮೆ ಇದ್ದಾಗ ವೋಲ್ಟೇಜ್ ನೋಡಿ. ವೋಲ್ಟೇಜ್ 4.5, 4.6ಕ್ಕೆ ಬಿದ್ದು ಒದ್ದಾಡುತ್ತಿದ್ದರೆ ಕೊಡುವ ಕಡೆ ಶಕ್ತಿ ಇಲ್ಲ: ಅಡಾಪ್ಟರ್, ಕೇಬಲ್, ಪ್ಯಾಡ್, ಕಾಯಿಲ್ ಇಟ್ಟ ಜಾಗ. ವೋಲ್ಟೇಜ್ 5ರಲ್ಲಿ ಗಟ್ಟಿಯಾಗಿದ್ದೂ ಕರೆಂಟ್ ಕಡಿಮೆ ಇದ್ದರೆ ಕೇಳುವವನೇ ಕೇಳುತ್ತಿಲ್ಲ. ಅಂದರೆ ಫೋನ್ ಬೇಕೆಂದೇ ಕಡಿಮೆ ಎಳೆಯುತ್ತಿದೆ.

ಹಾಗಾದರೆ ಫೋನೇ ಕೆಟ್ಟಿದೆಯೇ? ಸಾಧಾರಣ ಚಾರ್ಜರಿಗೆ ಕೇಬಲ್ ಹಾಕಿ ನೋಡಿದೆ. 1.8 ಆಂಪ್ ಎಳೆಯಿತು. ಫೋನ್ ಸರಿಯಿದೆ. ರಿಸೀವರಿನ ಮುಂದೆ ಮಾತ್ರ ಅದು ಸಂಕೋಚ ಪಡುತ್ತಿದೆ.

ಕಾರಣ ರಿಸೀವರಿನ ಬಾಲದ ಟೈಪ್-ಸಿ ಪಿನ್ನಿನಲ್ಲಿತ್ತು. ಟೈಪ್-ಸಿಯಲ್ಲಿ ಕೊಡುವವನು "ನನ್ನ ಬಳಿ ಇಷ್ಟು ಆಂಪ್ ಇದೆ" ಎಂದು ಒಂದು ಸಣ್ಣ ರೆಸಿಸ್ಟರ್ ಮೂಲಕ ಹೇಳಬೇಕು. ಸಿಸಿ ಎಂಬ ತಂತಿಯಿಂದ 5 ವೋಲ್ಟಿನ ತಂತಿಗೆ ಅದು ಕೂತಿರುತ್ತದೆ. 10 ಕಿಲೋ ಓಮ್ ಇದ್ದರೆ 3 ಆಂಪ್ ಇದೆ ಎಂದು ಅರ್ಥ. 22 ಕಿಲೋ ಓಮ್ ಇದ್ದರೆ 1.5 ಆಂಪ್. 56 ಕಿಲೋ ಓಮ್ ಇದ್ದರೆ "ನಾನು ಸಾಧಾರಣ ಯುಎಸ್‌ಬಿ" ಎಂದು. ಆಗ ಫೋನ್ ಇನ್ನೊಂದು ಗುರುತು ಹುಡುಕುತ್ತದೆ: ಡೇಟಾದ ಎರಡು ತಂತಿಗಳು ಒಂದಕ್ಕೊಂದು ಸೇರಿವೆಯೇ? ಸೇರಿದ್ದರೆ ಇದು ಗೋಡೆಯ ಚಾರ್ಜರ್ ಎಂದು ತಿಳಿದು ಧೈರ್ಯವಾಗಿ ಎಳೆಯುತ್ತದೆ. ಸೇರಿಲ್ಲದಿದ್ದರೆ ಕಂಪ್ಯೂಟರಿನ ಯುಎಸ್‌ಬಿ ಇರಬಹುದೆಂದು ಅನುಮಾನಿಸಿ 500 ಮಿಲಿ ಆಂಪ್‌ನ ಒಳಗೇ ಉಳಿಯುತ್ತದೆ.

ಬಾಲವನ್ನು, ಒಳಗಿನ ಒಂದೊಂದು ತಂತಿಯನ್ನೂ ಹೊರಗೆ ಮುಟ್ಟಲು ಸಿಗುವಂತೆ ಮಾಡುವ ಟೈಪ್-ಸಿ ಬ್ರೇಕ್‌ಔಟ್ ಬೋರ್ಡಿಗೆ ಚುಚ್ಚಿ, ಪ್ಯಾಡಿನಿಂದ ದೂರ ಇಟ್ಟು, ಮಲ್ಟಿಮೀಟರ್ ಕಡ್ಡಿ ಮುಟ್ಟಿಸಿದೆ. ಸಿಸಿಯಿಂದ 5 ವೋಲ್ಟಿನ ತಂತಿಗೆ 56 ಕಿಲೋ ಓಮ್. ಡೇಟಾದ ಎರಡು ತಂತಿಗಳ ನಡುವೆ ಸಂಪರ್ಕವೇ ಇಲ್ಲ. ಅಲ್ಲಿಗೆ 0.42ರ ಗುಟ್ಟು ಸಿಕ್ಕಿತು. 1 ಆಂಪ್ ಕೊಡಬಲ್ಲ ರಿಸೀವರ್, ತನ್ನ ಬಳಿ ಅರ್ಧ ಆಂಪ್ ಮಾತ್ರ ಇದೆ ಎಂದು ಫೋನಿಗೆ ಹೇಳುತ್ತಿತ್ತು. ಅವ್ವ ಆರು ಗಂಟೆ ಕಾದಿದ್ದು ಆ ಒಂದು ರೆಸಿಸ್ಟರಿಗಾಗಿ.

ಹಳೆಯ ಮೈಕ್ರೋ ಯುಎಸ್‌ಬಿ ಬಾಲದಲ್ಲಿ ಸಿಸಿ ತಂತಿ ಇರುವುದಿಲ್ಲ, ಡೇಟಾ ತಂತಿಗಳನ್ನು ಮಾತ್ರ ನೋಡಿದರೆ ಸಾಕು. ಅಲ್ಲಿ ಪಿನ್ನಿನ ಅಗಲದ ಬದಿ ಮೇಲಿರುವುದು, ಕೆಳಗಿರುವುದು ಎಂದು ಎರಡು ಜಾತಿ ಬರುತ್ತವೆ. ತಪ್ಪು ಜಾತಿ ತಂದು ಬಾಲ ತಿರುಚಿ ಸಿಕ್ಕಿಸಿದರೆ ತೆಳು ಪಟ್ಟಿ ಕೆಲವೇ ದಿನದಲ್ಲಿ ಬಿರುಕು ಬಿಡುತ್ತದೆ.

ಬೇರೆ ಬೇರೆ ಲಕ್ಷಣಗಳು

ನನ್ನದು ಒಂದು ಬಗೆಯ ದೋಷ. ಗೆಳೆಯರ, ನೆಂಟರ ಫೋನುಗಳಲ್ಲಿ ಬೇರೆಯವನ್ನೂ ನೋಡಿದ್ದೇನೆ.

ಪ್ಯಾಡ್ ಮೇಲೆ ಇಟ್ಟ ಒಂದು ಕ್ಷಣಕ್ಕೆ ದೀಪ ಕೆಂಪಾಗಿ ಮಿಣುಕಿ ನಿಂತರೆ ಮೊದಲು ಕವರ್ ಬಿಚ್ಚಿ ನೋಡಿ. ಕಾರಿನ ಅಯಸ್ಕಾಂತದ ಹೋಲ್ಡರಿಗೆಂದು ಕವರಿನೊಳಗೆ ಅಂಟಿಸಿದ ಕಬ್ಬಿಣದ ತಗಡು ಇರುತ್ತದೆ. ರಿಸೀವರ್ ತನಗೆ ತಲುಪಿದ್ದೆಷ್ಟು ಎಂದು ಹೇಳುತ್ತಿರುತ್ತದೆ, ಪ್ಯಾಡ್ ತಾನು ಕೊಟ್ಟದ್ದರ ಜೊತೆ ತಾಳೆ ನೋಡುತ್ತದೆ. ನಡುವೆ ಲೋಹ ಇದ್ದರೆ ಅದು ಪಾಲು ತಿಂದು ಬಿಸಿಯಾಗುತ್ತದೆ. ಲೆಕ್ಕ ತಪ್ಪಿದ್ದು ಕಂಡ ಕೂಡಲೇ ಪ್ಯಾಡ್ ನಿಲ್ಲಿಸುತ್ತದೆ. ಒಳ್ಳೆಯದಕ್ಕೇ ಅದು. ನಾಣ್ಯ, ಸಿಮ್ ಪಿನ್ನು, ಸೇಫ್ಟಿ ಪಿನ್ನು ಯಾವುದಾದರೂ ಆದೀತು. ಕವರಿನಲ್ಲಿ ಎಟಿಎಂ ಕಾರ್ಡ್ ಇಡುವ ಅಭ್ಯಾಸವಿದ್ದರೆ ದಯವಿಟ್ಟು ಬಿಡಿ, ಕಾರ್ಡಿನ ಚಿಪ್ಪಿಗೂ ಒಳ್ಳೆಯದಲ್ಲ.

ಶುರುವಿನಲ್ಲಿ ಚೆನ್ನಾಗಿ ಬಂದು, ಅರ್ಧ ಗಂಟೆಗೆ ಕರೆಂಟ್ ಇಳಿಯುತ್ತಾ ಹೋದರೆ ಅದು ಬಿಸಿ. ಲಿಥಿಯಂ ಬ್ಯಾಟರಿಯನ್ನು ಸಾಮಾನ್ಯವಾಗಿ 45 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಚಾರ್ಜ್ ಮಾಡುವುದಿಲ್ಲ. ಅಲ್ಲಿಗೆ ಬರುವ ಮೊದಲೇ ಫೋನ್ ತಾನಾಗಿ ಕಡಿಮೆ ಎಳೆಯತೊಡಗುತ್ತದೆ. ಬೆಂಗಳೂರಿನಲ್ಲಿ ಇದು ಅಷ್ಟಾಗಿ ಕಾಡುವುದಿಲ್ಲ. ರಾಯಚೂರು, ಕಲಬುರಗಿಯಲ್ಲಿ ಮೇ ತಿಂಗಳ ಮಧ್ಯಾಹ್ನ 40 ದಾಟುತ್ತದೆ. ಕೋಣೆಯೇ 38 ಡಿಗ್ರಿ ಇದ್ದರೆ ಬ್ಯಾಟರಿಗೆ ಉಳಿಯುವುದು ಏಳೇ ಡಿಗ್ರಿ. ರಿಸೀವರ್ ಅದನ್ನು ಕಾಲು ಗಂಟೆಯಲ್ಲಿ ಮುಗಿಸುತ್ತದೆ. ಹಾಸಿಗೆ, ಕೌದಿ ಮೇಲೆ ಪ್ಯಾಡ್ ಇಡಲೇಬೇಡಿ. ಮರದ ಸ್ಟೂಲು, ಫ್ಯಾನಿನ ಗಾಳಿ, ರಾತ್ರಿಯ ಹೊತ್ತು, ಈ ಮೂರೇ ಸಾಕು.

ಫೋನ್ ತೀರಾ ಬಿಸಿ, ಕರೆಂಟ್ ಮಾತ್ರ ಕಡಿಮೆ. ಇದು ಬೇರೆ. ರಿಸೀವರ್ ಕಾಯಿಲ್‌ನ ಹಿಂದೆ ಕಪ್ಪು ಫೆರೈಟ್ ಹಾಳೆ ಒಂದು ಇರುತ್ತದೆ. ಪ್ಯಾಡಿನ ಕಾಂತಕ್ಷೇತ್ರ ಬ್ಯಾಟರಿಯ ಅಲ್ಯೂಮಿನಿಯಂ ಹೊದಿಕೆಯ ಒಳಗೆ ನುಗ್ಗದಂತೆ ತಡೆಯುವುದು ಅದರ ಕೆಲಸ. ಫೋನಿನ ಹಿಂದಿನ ಗಾಜು ಬದಲಿಸುವಾಗ ಆ ಹಾಳೆ ಒಡೆದರೆ, ಅಥವಾ ಮರೆತು ಬಿಟ್ಟರೆ, ಕ್ಷೇತ್ರ ಸೀದಾ ಬ್ಯಾಟರಿಯನ್ನು ಕಾಯಿಸುತ್ತದೆ. ರಿಪೇರಿಯಾದ ಮೇಲೆ ಶುರುವಾದ ಬಿಸಿ ಎಂದರೆ ಮೊದಲ ಅನುಮಾನ ಇದರ ಮೇಲೇ ಇರಲಿ. ಬಳಸುವುದನ್ನು ನಿಲ್ಲಿಸಿ, ಬಿಚ್ಚಿಸಿ ನೋಡಿ. ಅಂಟಿಸುವ ರಿಸೀವರಿನಲ್ಲಿ ಒಂದು ಮುಖಕ್ಕೆ ಫೆರೈಟ್ ಇರುವುದರಿಂದ ಅದನ್ನು ತಿರುವುಮುರುವು ಅಂಟಿಸಿದರೆ ಸರಿಯಾಗಿ ಚಾರ್ಜ್ ಆಗದು.

ಇಟ್ಟ ಜಾಗ ಒಂದಿಷ್ಟು ಆಚೀಚೆ ಆದರೂ ಟಿಂಗ್ ಟಿಂಗ್ ಶುರುವಾಗುತ್ತದೆ. ಕಾಯಿಲ್‌ಗಳ ನಡು ನಡುವಿಗೆ ಕೂರದಿದ್ದರೆ ದಾಟಿ ಬರುವ ಶಕ್ತಿ ಕಡಿಮೆ, ರಿಸೀವರಿನ ನಿಜವಾದ ಮಿತಿ 1 ಆಂಪ್‌ನಿಂದ 0.6, 0.5ಕ್ಕೆ ಇಳಿದುಬಿಡುತ್ತದೆ. ದಪ್ಪ ಕವರ್ ಕೂಡ ಹಾಗೆಯೇ. ಲೋಡ್ ಹಾಕಿ ಇಟ್ಟು, ರಿಸೀವರನ್ನು ಬೆರಳಿನಿಂದ ಅಕ್ಕಿಕಾಳಿನಷ್ಟು ಅಕ್ಕಿಕಾಳಿನಷ್ಟೇ ಸರಿಸುತ್ತಾ ಮೀಟರ್ ನೋಡಿ. ಒಂದು ಜಾಗದಲ್ಲಿ ವೋಲ್ಟೇಜ್ ಎದ್ದು ನಿಲ್ಲುತ್ತದೆ. ಅಲ್ಲಿ ಪೆನ್ನಿನಿಂದ ಗುರುತು ಮಾಡಿ.

ಚಿಪ್ಪಿನ ಒಳಗಿನ ಮಿತಿ

ಬೆಸುಗೆ ಕಡ್ಡಿ ಹಿಡಿಯುವವರಿಗೆ ಇಷ್ಟು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಬಿಕ್ಯೂ51013ಬಿ ಎಂಬ 5 ವ್ಯಾಟ್ ರಿಸೀವರ್ ಚಿಪ್ಪನ್ನೇ ತೆಗೆದುಕೊಳ್ಳಿ. ಅದರ ಕರೆಂಟ್ ಮಿತಿಯನ್ನು ಐಲಿಮ್ (ILIM) ಎಂಬ ಕಾಲಿನ ರೆಸಿಸ್ಟರ್ ತೀರ್ಮಾನಿಸುತ್ತದೆ. 262ನ್ನು ಬೇಕಾದ ಆಂಪ್‌ನಿಂದ ಭಾಗಿಸಿದರೆ ಒಟ್ಟು ಓಮ್ ಸಿಗುತ್ತದೆ. 1 ಆಂಪ್‌ಗೆ 262 ಓಮ್, ಅರ್ಧ ಆಂಪ್‌ಗೆ 524 ಓಮ್. ಅದರ ಮೇಲೆ ನೂರಕ್ಕೆ ಇಪ್ಪತ್ತು ಪಾಲು ಜಾಗ ಬಿಟ್ಟು ಚಿಪ್ ಗಟ್ಟಿಯಾಗಿ ತಡೆಯುತ್ತದೆ.

ಈ ರೆಸಿಸ್ಟರ್ ಕಡಿಮೆ ಮಾಡಿ 2 ಆಂಪ್ ತೆಗೆಯಬಹುದೇ ಎಂದು ನನ್ನನ್ನು ಕೇಳಿದವರಿದ್ದಾರೆ. ಆಗದು. ಕಾಯಿಲ್‌ನ ತಂತಿಯ ದಪ್ಪ, ಚಿಪ್ ತಾಳುವ ಬಿಸಿ, ಪ್ಯಾಡ್ ಜೊತೆ ಮೊದಲೇ ಆಡಿದ 5 ವ್ಯಾಟ್ ಮಾತು ಎಲ್ಲವೂ ಸೇರಿ ಆ ಮಿತಿ. ಇನ್ನೂ ಒಂದಿದೆ. ಈ ಚಿಪ್ ಅದೇ ರೆಸಿಸ್ಟರ್ ನೋಡಿ ತನಗೆ ಎಷ್ಟು ಶಕ್ತಿ ತಲುಪಿತು ಎಂದು ಪ್ಯಾಡಿಗೆ ಲೆಕ್ಕ ಒಪ್ಪಿಸುತ್ತದೆ. ಅದನ್ನು ಬದಲಿಸಿದರೆ ಲೋಹ ಪತ್ತೆ ಹಚ್ಚುವ ಲೆಕ್ಕವೂ ಕೆಡುತ್ತದೆ. ಜಾಸ್ತಿ ಬೇಕಿದ್ದರೆ 10 ವ್ಯಾಟ್‌ಗೆಂದೇ ಮಾಡಿದ ರಿಸೀವರ್ ತನ್ನಿ.

ಕಾಯಿಲ್ ಜೋಡಿಯಾಗಿ ಸಿಗುವ ಎಕ್ಸ್‌ಕೆಟಿ ಚಿಪ್ಪಿನ ಅಗ್ಗದ ಕಿಟ್‌ಗಳು ಬೇರೆಯೇ ಜಾತಿ. ಅವು ಚಿ ಅಲ್ಲ. ಅವುಗಳಲ್ಲಿ ಮಾತುಕತೆ ಇಲ್ಲ. ಅದರ ರಿಸೀವರನ್ನು ಚಿ ಪ್ಯಾಡ್ ಮೇಲೆ ಇಟ್ಟು "ಬರುತ್ತಿಲ್ಲ" ಎಂದು ತಲೆ ಕೆಡಿಸಿಕೊಳ್ಳಬೇಡಿ, ಬರುವುದೇ ಇಲ್ಲ. ಇವುಗಳ ಮೇಲೆ ಸಾಮಾನ್ಯವಾಗಿ 5 ವೋಲ್ಟ್, 600 ಮಿಲಿ ಆಂಪ್ ಎಂದಿರುತ್ತದೆ. ಅದು ಎರಡು ಕಾಯಿಲ್ ಹತ್ತಿರ ಹತ್ತಿರ ಇದ್ದಾಗಿನ ಮಾತು. ಇಂಥ ಕಿಟ್‌ನಿಂದ ಒಬ್ಬ ಹುಡುಗ, ಸಿಮ್ ಹಾಕಿ ಮೊಬೈಲ್ ನೆಟ್‌ವರ್ಕಿಗೆ ಸೇರುವ ಸಿಮ್800ಎಲ್ ಮಾಡ್ಯೂಲ್ ನಡೆಸಲು ಹೋಗಿದ್ದ. ನೆಟ್‌ವರ್ಕ್ ಹುಡುಕುವ ಹೊತ್ತಿಗೆ ಸರಿಯಾಗಿ ಬೋರ್ಡ್ ರೀಸೆಟ್ ಆಗುತ್ತಿತ್ತು. ಆ ಮಾಡ್ಯೂಲ್ ಸರಾಸರಿ ಕಡಿಮೆಯೇ ಎಳೆದರೂ, ಸಿಗ್ನಲ್ ಕಳಿಸುವ ಚಿಟಿಕೆ ಹೊತ್ತಿನಲ್ಲಿ 2 ಆಂಪ್ ಕೇಳುತ್ತದೆ. ರಿಸೀವರಿನಿಂದ ಅದು ಆಗದು. ನಡುವೆ ಚಾರ್ಜಿಂಗ್ ಸರ್ಕ್ಯೂಟ್ ಸಮೇತ ಸಣ್ಣ ಲಿಥಿಯಂ ಬ್ಯಾಟರಿ ಇಟ್ಟು, ರಿಸೀವರ್ ಬ್ಯಾಟರಿಯನ್ನು ತುಂಬುವಂತೆ, ಬ್ಯಾಟರಿ ಮಾಡ್ಯೂಲನ್ನು ನಡೆಸುವಂತೆ ಮಾಡಿದ ಮೇಲೆ ಸರಿಹೋಯಿತು. ರಿಸೀವರಿನ 5 ವೋಲ್ಟನ್ನು ಸೀದಾ ಲಿಥಿಯಂ ಬ್ಯಾಟರಿಗೆ ಮಾತ್ರ ಎಂದೂ ಕೊಡಬೇಡಿ. ಅದಕ್ಕೆ 4.2 ವೋಲ್ಟಿನಲ್ಲಿ ನಿಲ್ಲಿಸುವ ಸರ್ಕ್ಯೂಟ್ ಬೇಕೇ ಬೇಕು.

ಅವ್ವನ ಫೋನಿಗೆ ಕೊನೆಗೆ ಮಾಡಿದ್ದು

ಬಾಲದ ಪಿನ್ ಅಚ್ಚು ಹಾಕಿ ಮುಚ್ಚಿದ್ದರಿಂದ ರೆಸಿಸ್ಟರ್ ಬದಲಿಸುವ ಗೋಜಿಗೆ ಹೋಗಲಿಲ್ಲ. ಬೇರೆ ರಿಸೀವರ್ ತಂದೆ. ಈ ಸಲ ಅಂಟಿಸುವ ಮೊದಲೇ ಮಲ್ಟಿಮೀಟರಿನಲ್ಲಿ ನೋಡಿಕೊಂಡೆ: ಡೇಟಾ ತಂತಿಗಳು ಸೇರಿದ್ದವು. ಫೋನ್ ಸಿಕ್ಕಿಸಿದಾಗ ಕರೆಂಟ್ ಮೆಲ್ಲಗೆ 0.5, 0.7, 0.9ಕ್ಕೆ ಏರಿತು. ವೋಲ್ಟೇಜ್ ಸ್ವಲ್ಪ ತಗ್ಗಿದ್ದು ಕಂಡು ಫೋನೇ ಹಿಂದೆ ಸರಿದು 0.88ರಲ್ಲಿ ನಿಂತಿತು. ಒಳ್ಳೆಯ ಫೋನುಗಳು ಹೀಗೆ ತಡವಿ ನೋಡಿ ಮಿತಿ ಹುಡುಕಿಕೊಳ್ಳುತ್ತವೆ. ಹಾಗೆ ಮಾಡದೆ ಒಮ್ಮೆಲೇ 1.5 ಆಂಪ್ ಎಳೆಯುವ ಫೋನಾಗಿದ್ದರೆ ಇದೇ ರಿಸೀವರ್ ಟಿಂಗ್ ಟಿಂಗ್ ಎನ್ನುತ್ತಿತ್ತು. ಹಾಗಾಗಿ ಹೊಸ ರಿಸೀವರ್ ಹಾಕಿದ ಮೇಲೆ ಹತ್ತು ನಿಮಿಷ ಕೂತು ನೋಡುವುದು ಒಳ್ಳೆಯದು.

ಹಳೆಯ ಅಡಾಪ್ಟರ್ ಹಾಗೇ ಇದ್ದಿದ್ದರೆ ಇಲ್ಲಿ ಮತ್ತೆ ಸಿಕ್ಕಿಬೀಳುತ್ತಿದ್ದೆ. 0.42ಕ್ಕೆ ಅದು ಸಾಕಾಗಿತ್ತು, 0.88ಕ್ಕೆ ಸಾಲುತ್ತಿರಲಿಲ್ಲ.

ಉಳಿದದ್ದು ಇಡುವ ಜಾಗ. ಕತ್ತಲಲ್ಲಿ, ನೋಯುವ ಕೈಯಲ್ಲಿ ಅವ್ವ ನಡುವಿಗೆ ಸರಿಯಾಗಿ ಇಡುತ್ತಾಳೆಂದು ನಿರೀಕ್ಷಿಸುವುದು ನ್ಯಾಯವಲ್ಲ. ಗುರುತು ಮಾಡಿದ ಜಾಗಕ್ಕೆ ಫೋನ್ ಇಟ್ಟು, ಅದರ ಕೆಳಗಿನ ಅಂಚಿಗೂ ಎಡಗಡೆಗೂ ಸ್ಟೂಲಿನ ಮೇಲೆ ಒಂದೊಂದು ದಪ್ಪ ಫೋಮ್ ಪಟ್ಟಿ ಅಂಟಿಸಿದೆ. ಪ್ಯಾಡನ್ನೂ ಎರಡು ಬದಿ ಅಂಟಿನ ಟೇಪಿನಿಂದ ಕೂರಿಸಿದೆ. ಈಗ ಫೋನನ್ನು ಮೂಲೆಗೆ ಸರಿಸಿದರೆ ಕಾಯಿಲ್ ಮೇಲೆ ಕಾಯಿಲ್ ತಾನಾಗಿ ಬಂದು ಕೂರುತ್ತದೆ. ಅವ್ವ ನಾಲ್ಕೈದು ಸಲ ಕಣ್ಣು ಮುಚ್ಚಿ ಇಟ್ಟು ನೋಡಿದಳು. ಐದೂ ಸಲ ದೀಪ ಹತ್ತಿತು.

ಮರುದಿನ ಬೆಳಿಗ್ಗೆ 5ಕ್ಕೆ ಎದ್ದು ನೋಡಿದೆ. ಶೇ 100 ತೋರಿಸುತ್ತಿತ್ತು, ಮೀಟರಿನಲ್ಲಿ ಕರೆಂಟ್ ಸೊನ್ನೆಯ ಹತ್ತಿರ ಇಳಿದಿತ್ತು. ಅವ್ವ ಫೋನ್ ಎತ್ತಿಕೊಂಡು ಅಡುಗೆಮನೆಗೆ ಹೋದಳು.